ಓಡುವ ಸರ್ವರ್ ನಿಲ್ಲಬಾರದು, ಹಳತಾಗಲೂಬಾರದು

2023ರ ಫೆಬ್ರವರಿ 3, ಶುಕ್ರವಾರ. ಫ್ರಾನ್ಸ್ ಸರ್ಕಾರದ ಸೈಬರ್ ತುರ್ತು ತಂಡ ಸರ್ಟ್-ಎಫ್‌ಆರ್ ಒಂದು ಎಚ್ಚರಿಕೆ ಹೊರಡಿಸಿತು. ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ತಂತ್ರಾಂಶ ಓಡುತ್ತಿರುವ ಸರ್ವರ್‌ಗಳಿಗೆ ಕಳ್ಳರು ನುಗ್ಗಿ, ಒಳಗಿನ ಕಡತಗಳನ್ನು ಎನ್‌ಕ್ರಿಪ್ಟ್ ಮಾಡಿ, ಬಿಡಿಸಿಕೊಡಲು ಹಣ ಕೇಳುತ್ತಿದ್ದಾರೆ ಎಂಬುದು ಅದರ ಸಾರ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ ಮತ್ತು ಎಫ್‌ಬಿಐ ಮುಂದಿನ ವಾರ ಜಂಟಿಯಾಗಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಾದ್ಯಂತ 3,800ಕ್ಕೂ ಹೆಚ್ಚು ಸರ್ವರ್‌ಗಳು ಆ ದಾಳಿಗೆ ಸಿಕ್ಕಿದ್ದವು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಅಂಥ ಒಂದೊಂದು ಸರ್ವರಿನ ಹೊಟ್ಟೆಯಲ್ಲೂ ತಂತ್ರಾಂಶದಿಂದ ಮಾಡಿದ ಹತ್ತಾರು ಕಂಪ್ಯೂಟರ್‌ಗಳು, ಅಂದರೆ ವರ್ಚುವಲ್ ಮಷಿನ್‌ಗಳಿರುತ್ತವೆ. ಒಂದರಲ್ಲಿ ಸಂಬಳದ ಲೆಕ್ಕ, ಇನ್ನೊಂದರಲ್ಲಿ ಇಮೇಲ್, ಮತ್ತೊಂದರಲ್ಲಿ ರೋಗಿಗಳ ದಾಖಲೆ. ಒಂದು ಸರ್ವರ್ ಬಿದ್ದರೆ ಅಷ್ಟೂ ಬೀಳುತ್ತವೆ.

ಈ ಪ್ರಕರಣದಲ್ಲಿ ಎದೆಗೆ ನಾಟುವ ಸಂಗತಿ ಬೇರೆಯೇ ಇದೆ. ಸರ್ಟ್-ಎಫ್‌ಆರ್ ಬೊಟ್ಟು ಮಾಡಿದ ದೋಷದ ಸಂಖ್ಯೆ ಸಿವಿಇ-2021-21974. ಅದನ್ನು ಮುಚ್ಚುವ ಪ್ಯಾಚ್ ಸಿದ್ಧವಾಗಿ ಹೆಚ್ಚುಕಡಿಮೆ ಎರಡು ವರ್ಷವಾಗಿತ್ತು. ವಿಎಂವೇರ್ ತನ್ನ ಭದ್ರತಾ ಪ್ರಕಟಣೆ ಹೊರಡಿಸಿದ್ದು 2021ರ ಫೆಬ್ರವರಿ 23ರಂದು. ದಾಳಿಯಾದ ಮೇಲೂ ಕಂಪನಿ ಹೇಳಿದ್ದು ಒಂದೇ ಮಾತು: ಇದು ಹೊಸ ದೋಷವಲ್ಲ, ಹಳೆಯ ಆವೃತ್ತಿಗಳನ್ನು ಬಿಟ್ಟು ಮೇಲೆ ಬನ್ನಿ. ಮದ್ದು ಕಪಾಟಿನಲ್ಲೇ ಇತ್ತು, ಯಾರೂ ಕುಡಿಸಲಿಲ್ಲ.

ಯಾಕೆ ಕುಡಿಸಲಿಲ್ಲ? ಸೋಮಾರಿತನ ಎಂದುಬಿಡುವುದು ಸುಲಭ, ಆದರೆ ಅನ್ಯಾಯ. ಸರ್ವರ್ ರೂಮಿನಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. 'ಓಡ್ತಾ ಇದೆ, ಮುಟ್ಟೋದು ಬೇಡ' ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಹೇಳುವವರು ಮೇಲಧಿಕಾರಿಗಳೇ ಆಗಬೇಕಿಲ್ಲ, ಅನುಭವವೂ ಅದನ್ನೇ ಹೇಳಿಕೊಟ್ಟಿರುತ್ತದೆ. ಯಾವ ಸರ್ವರಿನ ಮೇಲೆ ಏನು ಕೂತಿದೆ, ಯಾವುದನ್ನು ಮುಟ್ಟಿದರೆ ಯಾವುದು ಅಲುಗುತ್ತದೆ ಎಂಬುದು ಖಚಿತವಾಗಿ ಗೊತ್ತಿಲ್ಲದಿದ್ದರೆ, ಮುಟ್ಟದಿರುವುದೇ ವಿವೇಕ ಅನ್ನಿಸುತ್ತದೆ. ಚದುರಿಹೋಗಿರುವ ವ್ಯವಸ್ಥೆಯನ್ನು ಒಂದೇ ಆಡಳಿತದಡಿ ತಂದು, ಅದನ್ನು ಕ್ರಮಬದ್ಧವಾಗಿ ಅಪ್‌ಗ್ರೇಡ್ ಮಾಡುತ್ತ ಹೋಗುವುದು ಹೇಗೆಂಬ ಪ್ರಶ್ನೆ ಹುಟ್ಟುವುದು ಈ ಭಯದಿಂದಲೇ. ಇತ್ತೀಚಿನ ವರ್ಷಗಳಲ್ಲಿ ಅದು ಡೇಟಾ ಸೆಂಟರ್ ಲೋಕದ ಬಹುದೊಡ್ಡ ಕೆಲಸವಾಗಿ ಬೆಳೆದಿದೆ.

ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ನಡೆಸುವ ವಿದ್ಯೆ ಹಳೆಯದು. 1960ರ ದಶಕದಲ್ಲೇ ಐಬಿಎಂನ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ಸಿಪಿ-40 ಎಂಬ ಪ್ರಯೋಗ ನಡೆದಿತ್ತು. 1972ರಲ್ಲಿ ವಿಎಂ/370 ಮಾರುಕಟ್ಟೆಗೇ ಬಂತು. ಆದರೆ ಅವೆಲ್ಲ ಮೇನ್‌ಫ್ರೇಮ್‌ಗಳು. ನಮ್ಮ ನಿಮ್ಮ ಕಚೇರಿಗಳಲ್ಲಿರುವ ಇಂಟೆಲ್ ಮಾದರಿಯ ಅಗ್ಗದ ಸರ್ವರ್‌ಗಳಲ್ಲಿ ಅದನ್ನು ಸಾಧ್ಯವಾಗಿಸಿದ ಕೀರ್ತಿಯ ದೊಡ್ಡ ಪಾಲು 1998ರಲ್ಲಿ ಹುಟ್ಟಿದ ವಿಎಂವೇರ್‌ಗೆ ಸಲ್ಲಬೇಕು. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಮೆಂಡೆಲ್ ರೋಸೆನ್‌ಬ್ಲಮ್, ಡಯಾನ್ ಗ್ರೀನ್ ಮತ್ತು ಮೂವರು ಜತೆಗಾರರು ಕಟ್ಟಿದ ಕಂಪನಿ ಅದು. 2001ರಲ್ಲಿ ಇಂದಿನ ಇಎಸ್‌ಎಕ್ಸ್‌ಐನ ಪೂರ್ವಜ ಇಎಸ್‌ಎಕ್ಸ್ ಸರ್ವರ್ ಬಂತು. 2003ರಲ್ಲಿ ಬಂದ ವಿಮೋಷನ್ ನೋಡಿದವರು ಕಣ್ಣುಜ್ಜಿಕೊಂಡರು. ಓಡುತ್ತಿರುವ ಒಂದು ವರ್ಚುವಲ್ ಮಷಿನ್ (ವಿಎಂ), ಬಳಕೆದಾರನಿಗೆ ಗೊತ್ತೇ ಆಗದಂತೆ, ಒಂದು ಸರ್ವರಿನಿಂದ ಎದ್ದು ಪಕ್ಕದ ಸರ್ವರಿಗೆ ಹೋಗಿ ಕೂರುತ್ತದೆ! ಇಂದಿಗೂ ಸೇವೆ ನಿಲ್ಲಿಸದೆ ಅಪ್‌ಗ್ರೇಡ್ ಮಾಡುವ ಕಲೆಯೆಲ್ಲ ನಿಂತಿರುವುದು ಈ ಒಂದು ಸಾಮರ್ಥ್ಯದ ಮೇಲೆ.

ಸುಲಭವಾದದ್ದು ಹೆಚ್ಚಾಯಿತು. ಹೊಸ ಸರ್ವರ್ ಬೇಕೆಂದರೆ ಮೊದಲು ಟೆಂಡರ್, ಖರೀದಿ, ಲಾರಿ, ರ‍್ಯಾಕ್ ಎಂದು ತಿಂಗಳುಗಟ್ಟಲೆ ಕಾಯಬೇಕಿತ್ತು; ಈಗ ಹತ್ತು ನಿಮಿಷಕ್ಕೆ ಒಂದು ವಿಎಂ ಹುಟ್ಟುತ್ತದೆ. ಪರೀಕ್ಷೆಗೆಂದು ಮಾಡಿದ್ದು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ. ಹಣಕಾಸು ವಿಭಾಗ ತನ್ನದೇ ವಿಸೆಂಟರ್ (ಸರ್ವರ್‌ಗಳನ್ನು ಒಟ್ಟಾಗಿ ನಡೆಸುವ ವಿಎಂವೇರ್ ತಂತ್ರಾಂಶ) ಹಾಕಿಕೊಳ್ಳುತ್ತದೆ, ಸ್ವಾಧೀನಪಡಿಸಿಕೊಂಡ ಕಂಪನಿಯ ಜೊತೆ ಇನ್ನೊಂದು ಬರುತ್ತದೆ, ಶಾಖಾ ಕಚೇರಿಯಲ್ಲಿ ವಿಎಂಗಳನ್ನು ಹೊರುವ ಮೂರು ಸರ್ವರ್‌ಗಳ, ಅಂದರೆ ಹೋಸ್ಟ್‌ಗಳ ಮತ್ತೊಂದು ಸಣ್ಣ ಕ್ಲಸ್ಟರ್ ಮೂಲೆಯಲ್ಲಿ ಓಡುತ್ತಿರುತ್ತದೆ. ಒಂದು ಕಡೆ ಆವೃತ್ತಿ 6.7, ಇನ್ನೊಂದು ಕಡೆ 7.0, ಮತ್ತೊಂದು ಕಡೆ 8.0. ಬೇರೆ ಬೇರೆ ಪಾಸ್‌ವರ್ಡು, ಬೇರೆ ಬೇರೆ ಸರ್ಟಿಫಿಕೇಟು, ಪ್ಯಾಚಿಗೆ ಬೇರೆ ಬೇರೆ ಭಾನುವಾರ. ವಿಎಂ ಹೆಸರು 'ಟೆಸ್ಟ್-ನ್ಯೂ-2'. ಅದನ್ನು ಮಾಡಿದವರು ಕೆಲಸ ಬಿಟ್ಟು ಹೋಗಿ ಮೂರು ವರ್ಷ. ಆಫ್ ಮಾಡಲು ಯಾರಿಗೂ ಧೈರ್ಯವಿಲ್ಲ.

ಇದನ್ನು ಕ್ಲೌಡ್ ಎಂದು ಕರೆದುಕೊಳ್ಳುವ ಸಂಸ್ಥೆಗಳು ಬಹಳ ಇವೆ. ಅಲ್ಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಕೊಟ್ಟ ವ್ಯಾಖ್ಯೆಯನ್ನೇ ಜಗತ್ತು ಇಂದಿಗೂ ಬಳಸುತ್ತದೆ. ಬೇಕಾದವರು ಬೇಕೆಂದಾಗ ತಾವೇ ತೆಗೆದುಕೊಳ್ಳುವಂತಿರಬೇಕು, ನೆಟ್‌ವರ್ಕಿನ ಮೂಲಕ ಎಲ್ಲಿಂದಲಾದರೂ ಸಿಗಬೇಕು, ಸಂಪನ್ಮೂಲ ಒಟ್ಟು ರಾಶಿಯಲ್ಲಿರಬೇಕು, ಬೇಗ ಹಿಗ್ಗಿ ಕುಗ್ಗಬೇಕು, ಬಳಕೆಗೆ ಲೆಕ್ಕವಿರಬೇಕು. ಇಷ್ಟನ್ನೂ ಒಂದೇ ಸಂಸ್ಥೆಯ ಬಳಕೆಗೆಂದು ಮೀಸಲಾಗಿ ನಡೆಸಿದರೆ ಅದು ಪ್ರೈವೇಟ್ ಕ್ಲೌಡ್. ಇಮೇಲ್ ಬರೆದು, ಎರಡು ಸಹಿ ಹಾಕಿಸಿ, ಇಂಜಿನಿಯರ್ ಒಬ್ಬರು ಕೈಯಾರೆ ಮಾಡಿಕೊಡುವ ವಿಎಂ ಬರೀ ವರ್ಚುವಲೈಸೇಷನ್. ಎರಡರ ನಡುವಿನ ಅಂತರವನ್ನು ಹೊಸ ಯಂತ್ರ ಕೊಂಡು ತುಂಬಲಾಗದು. ಅದು ಆಡಳಿತದ ಅಂತರ.

ಆ ಅಂತರ ತುಂಬಲೆಂದು ವಿಎಂವೇರ್ 2016ರಲ್ಲಿ ತಂದದ್ದು ವಿಎಂವೇರ್ ಕ್ಲೌಡ್ ಫೌಂಡೇಷನ್, ಬಳಕೆಯಲ್ಲಿ ವಿಸಿಎಫ್. ಗಣನೆಗೆ ವಿಸ್ಫಿಯರ್ (ಇಎಸ್‌ಎಕ್ಸ್‌ಐ ಮತ್ತು ವಿಸೆಂಟರ್ ಸೇರಿದ್ದು), ಡಿಸ್ಕ್ ಸಂಗ್ರಹಕ್ಕೆ ವಿಸ್ಯಾನ್, ನೆಟ್‌ವರ್ಕಿಗೆ ಎನ್‌ಎಸ್‌ಎಕ್ಸ್. ಈ ಮೂರನ್ನೂ ನೋಡಿಕೊಳ್ಳಲು ಎಸ್‌ಡಿಡಿಸಿ ಮ್ಯಾನೇಜರ್ ಎಂಬ ಯಜಮಾನ. ಇಡೀ ಸಾಮ್ರಾಜ್ಯವನ್ನು ಡೊಮೇನ್‌ಗಳಾಗಿ ಹೋಳು ಮಾಡಲಾಗುತ್ತದೆ: ಆಡಳಿತದ ತಂತ್ರಾಂಶಗಳಿಗೇ ಮೀಸಲಾದ ಮ್ಯಾನೇಜ್‌ಮೆಂಟ್ ಡೊಮೇನ್ ಒಂದು, ನಿಜವಾದ ಕೆಲಸ ಹೊರುವ ವರ್ಕ್‌ಲೋಡ್ ಡೊಮೇನ್‌ಗಳು ಬೇಕಾದಷ್ಟು. ಯಾವ ಭಾಗದ ಯಾವ ಆವೃತ್ತಿ ಇನ್ನೊಂದರ ಯಾವ ಆವೃತ್ತಿಯೊಂದಿಗೆ ಕೂಡಿ ಬಾಳುತ್ತದೆ ಎಂದು ಕಂಪನಿಯೇ ಪರೀಕ್ಷಿಸಿ ಒಂದು ಪಟ್ಟಿ ಕೊಡುತ್ತದೆ. ಅಪ್‌ಗ್ರೇಡ್ ಎಂದರೆ ಒಂದು ಪಟ್ಟಿಯಿಂದ ಮುಂದಿನ ಪಟ್ಟಿಗೆ ಹೋಗುವುದು.

ತೊಡಕು ಇದ್ದದ್ದು ಬಾಗಿಲಲ್ಲೇ. ವಿಸಿಎಫ್ ಬೇಕೆಂದರೆ ಹೊಸ ಹಾರ್ಡ್‌ವೇರ್ ತಂದು, ಸೊನ್ನೆಯಿಂದ ಕಟ್ಟಿ, ಹಳೆಯ ವಿಎಂಗಳನ್ನು ಒಂದೊಂದಾಗಿ ಅಲ್ಲಿಗೆ ಸಾಗಿಸಬೇಕಿತ್ತು. ಇರುವ ನೂರು ಸರ್ವರ್‌ಗಳ ಜೊತೆಗೆ ಇನ್ನೂ ನಲವತ್ತನ್ನು ಬರೀ ಜಾಗ ಬದಲಿಸಲೆಂದೇ ಕೊಳ್ಳಿ ಅಂದರೆ ಯಾವ ಹಣಕಾಸು ಅಧಿಕಾರಿ ಒಪ್ಪುತ್ತಾರೆ? 2024ರ ಜುಲೈನಲ್ಲಿ ಬಂದ ವಿಸಿಎಫ್ 5.2 ಈ ಬಾಗಿಲನ್ನು ಅಗಲ ಮಾಡಿತು. ಓಡುತ್ತಿರುವ ವಿಸ್ಫಿಯರ್ ವ್ಯವಸ್ಥೆಯನ್ನು ಇದ್ದಲ್ಲೇ ಇಟ್ಟುಕೊಂಡು ವಿಸಿಎಫ್ ಆಡಳಿತಕ್ಕೆ ತರುವ ಇಂಪೋರ್ಟ್ ಟೂಲ್ ಅದರೊಂದಿಗೆ ಬಂತು. ಅದರಲ್ಲಿ ಎರಡು ದಾರಿ. ವಿಸಿಎಫ್ ಎಂಬುದೇ ಇಲ್ಲದಲ್ಲಿ ಇರುವ ಕ್ಲಸ್ಟರನ್ನೇ ಮ್ಯಾನೇಜ್‌ಮೆಂಟ್ ಡೊಮೇನ್ ಆಗಿ ಪರಿವರ್ತಿಸುವುದು ಒಂದು. ಅದಾದ ಮೇಲೆ ಉಳಿದ ವಿಸೆಂಟರ್‌ಗಳನ್ನು ವರ್ಕ್‌ಲೋಡ್ ಡೊಮೇನ್‌ಗಳಾಗಿ ಸೇರಿಸಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ವಿಸ್ಫಿಯರ್ 8.0ರ ಮೂರನೇ ಅಪ್‌ಡೇಟ್ ಬೇಕು, ಎರಡನೆಯದಕ್ಕೆ 7.0ರ ಮೂರನೇ ಅಪ್‌ಡೇಟ್ ಮಟ್ಟದ್ದಾದರೂ ನಡೆಯುತ್ತದೆ. 2025ರ ಜೂನ್‌ನಲ್ಲಿ ಬಂದ ವಿಸಿಎಫ್ 9.0ದಲ್ಲಿ ಈ ಕೆಲಸ ಕಮಾಂಡ್ ಲೈನ್ ಬಿಟ್ಟು ಇನ್‌ಸ್ಟಾಲರ್ ಮತ್ತು ಆಪರೇಷನ್ಸ್ ಪರದೆಗಳಿಗೆ ಬಂದಿದೆ.

ಮಲೆನಾಡಿನಲ್ಲಿ ಒಳಗೆ ಸಂಸಾರ ನಡೆಯುತ್ತಿರುವಾಗಲೇ ಮಾಡಿನ ಹೆಂಚು ಇಳಿಸಿ ಪಕಾಸು ಬದಲಿಸುತ್ತಾರಲ್ಲ, ಅಂಥ ಕೆಲಸ ಇದು. ಒಲೆ ಆರಬಾರದು, ಮಳೆ ಒಳಗೆ ಬೀಳಬಾರದು. ಅದಕ್ಕೇ ಟೂಲ್ ಮೊದಲು ಮಾಡುವುದು ತಪಾಸಣೆ. ಇರುವ ವಿಎಂಗಳನ್ನು ಅದು ಮುಟ್ಟುವುದಿಲ್ಲ, ಜಾಗದಿಂದ ಕದಲಿಸುವುದಿಲ್ಲ. ವಿಸೆಂಟರಿನ ಜೊತೆ ಮಾತಾಡಿ ಏನೇನಿದೆ ಎಂದು ಓದಿಕೊಂಡು, ಸರಿಯಿದ್ದರೆ ತನ್ನ ದಾಖಲೆಗೆ ಸೇರಿಸಿಕೊಳ್ಳುತ್ತದೆ. ಸರಿಯಿಲ್ಲದಿದ್ದರೆ ನಿಂತುಬಿಡುತ್ತದೆ.

ಮತ್ತು ಅದು ನಿಲ್ಲುವುದು ಬಹುತೇಕ ದೊಡ್ಡ ಕಾರಣಗಳಿಗಲ್ಲ. ತಪಾಸಣೆಯ ವರದಿಯನ್ನು ಹತ್ತಿರದಿಂದ ನೋಡಿದರೆ ಒಂದು ಸಂಸ್ಥೆಯ ಹತ್ತು ವರ್ಷದ ಅಭ್ಯಾಸಗಳೆಲ್ಲ ಅಲ್ಲಿ ಕಾಣುತ್ತವೆ. ಹೋಸ್ಟಿನ ಹೆಸರು ಕೊಟ್ಟರೆ ಡಿಎನ್‌ಎಸ್ ಐಪಿ ವಿಳಾಸ ಹೇಳುತ್ತದೆ. ಐಪಿ ಕೊಟ್ಟರೆ ಹೆಸರು ಹೇಳುವುದಿಲ್ಲ, ರಿವರ್ಸ್ ದಾಖಲೆ ಯಾರೂ ಹಾಕಿಲ್ಲ. ಆರು ಹೋಸ್ಟ್‌ಗಳಲ್ಲಿ ಐದರ ಗಡಿಯಾರ ಸರಿಯಿದೆ, ಆರನೆಯದು ನಾಲ್ಕು ನಿಮಿಷ ಹಿಂದೆ. ಒಂದೇ ಕ್ಲಸ್ಟರಿನಲ್ಲಿ ಎರಡು ಬಿಲ್ಡ್ ಸಂಖ್ಯೆ. ಎಂದೋ ಒಂದು ರಾತ್ರಿ ತುರ್ತಿಗೆಂದು ಹಾಕಿದ ಸ್ಟ್ಯಾಂಡರ್ಡ್ ಸ್ವಿಚ್ ಅಲ್ಲೇ ಉಳಿದಿದೆ. ಇವು ಯಾವುವೂ ವಿಎಂ ಓಡುವುದನ್ನು ತಡೆದಿರಲಿಲ್ಲ. ಅದಕ್ಕೇ ಯಾರಿಗೂ ಕಾಣಲಿಲ್ಲ. ಈ ವರದಿ ಬಂದಾಗ ಬೇಸರ ಮಾಡಿಕೊಂಡು 'ಟೂಲ್ ಸರಿಯಿಲ್ಲ' ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯಂತ ಬೆಲೆಬಾಳುವ ಕಾಗದ ಅದೇ. ಮುಂದೆ ವಿಸಿಎಫ್ ಹಾಕದಿದ್ದರೂ ಪರವಾಗಿಲ್ಲ, ಆ ವರದಿಯ ಒಂದೊಂದು ಸಾಲನ್ನೂ ಸರಿಪಡಿಸಿದ ಸಂಸ್ಥೆ ನಿನ್ನೆಗಿಂತ ಗಟ್ಟಿಯಾಗಿರುತ್ತದೆ.

ಸೇರಿಸಿಕೊಂಡ ಮಾತ್ರಕ್ಕೆ ಎಲ್ಲವೂ ಬದಲಾಗುತ್ತದೆ ಎಂದು ತಿಳಿಯಬಾರದು. ಉದಾಹರಣೆಗೆ ನೆಟ್‌ವರ್ಕ್. ಇಂಪೋರ್ಟ್ ಆದ ಕ್ಲಸ್ಟರಿಗೆ ಎನ್‌ಎಸ್‌ಎಕ್ಸ್ ಜೋಡಿಸಿದರೂ ಇರುವ ಜಾಲವಿಭಾಗಗಳಾದ ವಿಎಲ್ಯಾನ್‌ಗಳು ಇದ್ದಂತೆಯೇ ಮುಂದುವರಿಯುತ್ತವೆ. ಅದರ ಮೇಲೆ ತಂತ್ರಾಂಶದಲ್ಲೇ ಹಾಸುವ ಹೊಸ ಬಗೆಯ ಓವರ್‌ಲೇ ಜಾಲ ಬೇಕೆಂದರೆ ಅದನ್ನು ಬಳಿಕ ಪ್ರತ್ಯೇಕವಾಗಿ ಯೋಚಿಸಿ ಕಟ್ಟಬೇಕು. ಇದು ಕೊರತೆಯಲ್ಲ, ಜಾಣತನ. ಆಡಳಿತ ಬದಲಿಸುವ ದಿನವೇ ಜಾಲವನ್ನೂ ಬದಲಿಸಲು ಹೊರಟರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದೇ ತಿಳಿಯದು.

ಈಗ ಅಪ್‌ಗ್ರೇಡ್. ಹೊರಗಿನವರಿಗೆ ಇದು ಮೊಬೈಲಿನಲ್ಲಿ ಅಪ್‌ಡೇಟ್ ಒತ್ತಿದಂತೆ ಕಾಣುತ್ತದೆ. ಡೇಟಾ ಸೆಂಟರಿನಲ್ಲಿ ಅದಕ್ಕೊಂದು ಸರದಿ ಇದೆ. ವಿಸಿಎಫ್ 5ರ ಸಾಲಿನಲ್ಲಿ ಮೊದಲು ಎಸ್‌ಡಿಡಿಸಿ ಮ್ಯಾನೇಜರ್, ಆಮೇಲೆ ಎನ್‌ಎಸ್‌ಎಕ್ಸ್, ಆಮೇಲೆ ವಿಸೆಂಟರ್, ಕೊನೆಗೆ ಒಂದೊಂದೇ ಇಎಸ್‌ಎಕ್ಸ್‌ಐ ಹೋಸ್ಟ್. ವಿಸ್ಯಾನ್ ಡಿಸ್ಕಿನ ಫಾರ್ಮ್ಯಾಟು, ವರ್ಚುವಲ್ ಸ್ವಿಚ್‌ನ ಆವೃತ್ತಿ ಇತ್ಯಾದಿ ಎಲ್ಲಕ್ಕಿಂತ ಹಿಂದೆ. ಮ್ಯಾನೇಜ್‌ಮೆಂಟ್ ಡೊಮೇನ್ ಮುಗಿಯದೆ ವರ್ಕ್‌ಲೋಡ್ ಡೊಮೇನ್ ಮುಟ್ಟುವಂತಿಲ್ಲ. ಕಾರಣ ಸರಳ. ಹೊಸ ವಿಸೆಂಟರ್‌ಗೆ ಹಳೆಯ ಹೋಸ್ಟಿನ ಭಾಷೆ ಬರುತ್ತದೆ, ಹಳೆಯ ವಿಸೆಂಟರ್‌ಗೆ ಹೊಸ ಹೋಸ್ಟಿನ ಭಾಷೆ ಬರುವುದಿಲ್ಲ. ಇಲ್ಲಿ ಜನರನ್ನು ಅತಿಯಾಗಿ ಹೆದರಿಸುವ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿ ಹೇಳಬೇಕು. ವಿಸೆಂಟರ್ ಅಪ್‌ಗ್ರೇಡ್ ಆಗುವಾಗ ಅದು ಸ್ವಲ್ಪ ಹೊತ್ತು ಇರುವುದಿಲ್ಲ. ಆಗಲೂ ವಿಎಂಗಳು ನಿಲ್ಲುವುದಿಲ್ಲ. ಹೋಸ್ಟ್ ಸತ್ತರೆ ಬೇರೆ ಹೋಸ್ಟಿನಲ್ಲಿ ವಿಎಂ ಎಬ್ಬಿಸುವ ಹೈ ಅವೈಲಬಿಲಿಟಿ ಕೂಡ ಕೆಲಸ ಮಾಡುತ್ತಿರುತ್ತದೆ, ಏಕೆಂದರೆ ಅದರ ಏಜೆಂಟ್ ಹೋಸ್ಟ್‌ಗಳಲ್ಲೇ ಇದೆ. ನಿಲ್ಲುವುದು ಹೊಸದನ್ನು ಸೃಷ್ಟಿಸುವ, ಹಂಚುವ, ನೋಡುವ ಕೆಲಸ ಮಾತ್ರ.

ದಿನಾಂಕದ ಬಲೆಯೊಂದಿದೆ, ಅನುಭವಸ್ಥರೂ ಎಡವುವಂಥದ್ದು. 7ಕ್ಕಿಂತ 8 ದೊಡ್ಡದು, ಹಾಗಾಗಿ ಯಾವ 7ರಿಂದಲೂ ಯಾವ 8ಕ್ಕೂ ಹೋಗಬಹುದು ಅನ್ನಿಸುತ್ತದೆ. ಹಾಗಿಲ್ಲ. 7.0ಕ್ಕೆ ಇತ್ತೀಚೆಗೆ ಬಂದ ಭದ್ರತಾ ಪ್ಯಾಚ್ ಹಾಕಿಕೊಂಡಿದ್ದೀರಿ, ನೀವು ಹೋಗಬೇಕೆಂದಿರುವ 8.0 ಬಿಲ್ಡ್ ಅದಕ್ಕಿಂತ ಮೊದಲು ಬಿಡುಗಡೆಯಾದದ್ದು ಅಂತಿಟ್ಟುಕೊಳ್ಳಿ. ಆ ಅಪ್‌ಗ್ರೇಡಿಗೆ ಅವಕಾಶವಿಲ್ಲ, ಯಾಕೆಂದರೆ ಹಾಗೆ ಹೋದರೆ ಮುಚ್ಚಿದ ದೋಷ ಮತ್ತೆ ತೆರೆದುಕೊಳ್ಳಬಹುದು. ಹೊಂದಾಣಿಕೆಯ ಪಟ್ಟಿಯನ್ನು ಕೆಲಸದ ಹಿಂದಿನ ರಾತ್ರಿ ತೆರೆಯುವವರಿಗೆ ಈ ಸುದ್ದಿ ಆಗಲೇ ತಿಳಿಯುತ್ತದೆ. ಬ್ಯಾಕಪ್ ತಂತ್ರಾಂಶ ಹೊಸ ಆವೃತ್ತಿಗೆ ಒಗ್ಗುತ್ತದೆಯೇ ಎಂಬುದನ್ನೂ ಅದೇ ಹೊತ್ತಿಗೆ ಕೇಳಿಕೊಳ್ಳಬೇಕು. ಹೋಸ್ಟ್‌ಗಳೆಲ್ಲ ಹೊಸದಾಗಿ, ಮರುದಿನದಿಂದ ಬ್ಯಾಕಪ್ ಆಗುತ್ತಲೇ ಇಲ್ಲವೆಂದರೆ ಮಾಡಿದ್ದೇನು?

ಇನ್ನು ಒಂದು ಹೋಸ್ಟ್ ಅಪ್‌ಗ್ರೇಡ್ ಆಗುವುದನ್ನು ನೋಡೋಣ. ಶನಿವಾರ ರಾತ್ರಿ, ಬದಲಾವಣೆಗೆಂದು ಅನುಮತಿ ಸಿಕ್ಕ ನಾಲ್ಕೈದು ಗಂಟೆಯ ಅವಧಿ. ಹೋಸ್ಟನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕುತ್ತಾರೆ. ಅದರ ಮೇಲಿನ ವಿಎಂಗಳು ಒಂದೊಂದಾಗಿ ವಿಮೋಷನ್ ಮೂಲಕ ಪಕ್ಕದ ಹೋಸ್ಟ್‌ಗಳಿಗೆ ಹೋಗುತ್ತವೆ: ಮೆಮೊರಿಯ ಪ್ರತಿ ಆ ಕಡೆ ಹೋಗುತ್ತಿರುವಾಗಲೇ ಬದಲಾದ ಪುಟಗಳು ಮತ್ತೆ ಹೋಗುತ್ತವೆ, ಉಳಿದದ್ದು ತೀರಾ ಕಡಿಮೆಯಾದಾಗ ಒಂದು ಕ್ಷಣ ತಡೆದು, ಆ ಕಡೆ ಎಬ್ಬಿಸಲಾಗುತ್ತದೆ. ಪರದೆಯ ಮೇಲೆ ಪಟ್ಟಿ 72, 81, 89 ಎಂದು ಏರುತ್ತದೆ. ಮತ್ತೆ ಅಲ್ಲೇ ನಿಲ್ಲುತ್ತದೆ. ಒಂದು ವಿಎಂ ಕದಲುತ್ತಿಲ್ಲ. ನೋಡಿದರೆ ಅದರ ಸಿಡಿ ಡ್ರೈವಿಗೆ ಒಂದು ಐಎಸ್‌ಒ ಕಡತ ಸಿಕ್ಕಿಸಿ ಬಿಟ್ಟಿದ್ದಾರೆ, ಆ ಕಡತ ಇರುವುದು ಈ ಹೋಸ್ಟಿನ ಸ್ವಂತ ಡಿಸ್ಕಿನಲ್ಲಿ. ಎರಡು ವರ್ಷದ ಹಿಂದೆ ಆಪರೇಟಿಂಗ್ ಸಿಸ್ಟಂ ಹಾಕಿದವರು ಅದನ್ನು ತೆಗೆಯಲು ಮರೆತಿದ್ದಾರೆ. ತೆಗೆದರೆ ಚಕ್ರ ಮತ್ತೆ ಉರುಳುತ್ತದೆ. ಇನ್ನೊಂದು ಕಡೆ ಎರಡು ವಿಎಂಗಳು ಒಂದೇ ಹೋಸ್ಟಿನಲ್ಲಿ ಇರಬಾರದೆಂಬ ನಿಯಮವಿದ್ದು, ಉಳಿದ ಹೋಸ್ಟ್‌ಗಳಲ್ಲಿ ಜಾಗವಿರುವುದಿಲ್ಲ. ಇಂಥ ಸಣ್ಣ ಮೊಳೆಗಳೇ ರಾತ್ರಿಗಳನ್ನು ತಿನ್ನುವುದು. ಒಂದು ಹೋಸ್ಟ್ ಯಾವಾಗಲೂ ಖಾಲಿಯಾಗಬಹುದು ಎನ್ನುವಷ್ಟು ಜಾಗವನ್ನು ಕ್ಲಸ್ಟರಿನಲ್ಲಿ ಬಿಟ್ಟುಕೊಂಡಿರದ ಸಂಸ್ಥೆಗೆ ಯಾವ ಟೂಲೂ ಸಹಾಯ ಮಾಡಲಾರದು.

ವಿಎಂಗಳು ಹೋದ ಮೇಲೆ ಹೋಸ್ಟ್ ಹೊಸ ಆವೃತ್ತಿ ಹಾಕಿಕೊಂಡು ರೀಬೂಟ್ ಆಗುತ್ತದೆ. ಆಗಬೇಕು. ಇಲ್ಲೊಂದು ಹಳೆಯ ಕಥೆ ಕಾಡುತ್ತದೆ. ಇಎಸ್‌ಎಕ್ಸ್‌ಐ ಗಾತ್ರದಲ್ಲಿ ಚಿಕ್ಕದು ಎಂದು ಎಷ್ಟೋ ವರ್ಷ ಅದನ್ನು ಎಸ್‌ಡಿ ಕಾರ್ಡ್ ಅಥವಾ ಯುಎಸ್‌ಬಿ ಪೆನ್‌ಡ್ರೈವಿನಿಂದಲೇ ಬೂಟ್ ಮಾಡುವ ರೂಢಿ ಇತ್ತು. ಸರ್ವರ್ ಕಂಪನಿಗಳು ಮದರ್‌ಬೋರ್ಡಿನಲ್ಲಿ ಅದಕ್ಕೆಂದೇ ಜಾಗ ಕೊಡುತ್ತಿದ್ದವು. 7.0 ಬಂದಾಗ ಬೂಟ್ ಡಿಸ್ಕಿನ ವಿಂಗಡಣೆ ಬದಲಾಯಿತು, ಬರೆಯುವುದು ಹೆಚ್ಚಾಯಿತು. ಪದೇ ಪದೇ ಬರೆಸಿಕೊಳ್ಳುವ ಶಕ್ತಿಯಿಲ್ಲದ ಆ ಕಾರ್ಡುಗಳು ಸವೆದು ಕೈಕೊಡತೊಡಗಿದವು. ಬಳಿಕ ವಿಎಂವೇರ್ ಬರೀ ಎಸ್‌ಡಿ ಕಾರ್ಡಿನ ಮೇಲೆ ನಿಲ್ಲಬೇಡಿ, ಗಟ್ಟಿ ಡಿಸ್ಕ್ ಹಾಕಿಕೊಳ್ಳಿ ಎಂದು ಹೇಳಿತು. ವರ್ಷಗಟ್ಟಲೆ ಆಫ್ ಆಗದೆ ಮೆಮೊರಿಯಲ್ಲೇ ಓಡಿಕೊಂಡಿದ್ದ ಹೋಸ್ಟ್, ಅಪ್‌ಗ್ರೇಡಿಗೆಂದು ರೀಬೂಟ್ ಮಾಡಿದ ರಾತ್ರಿ ತನ್ನ ಕಾರ್ಡ್ ಸತ್ತಿದ್ದನ್ನು ತೋರಿಸುತ್ತದೆ. ಬೈಗುಳ ಮಾತ್ರ ಅಪ್‌ಗ್ರೇಡಿಗೆ.

ಹೋಸ್ಟ್‌ಗಳು ಒಂದೊಂದು ಬಗೆಯಾಗಿಬಿಡುವುದಕ್ಕೆ ಪರಿಹಾರವಾಗಿ ಬಂದಿರುವ ವಿಚಾರ ನನಗೆ ಬಹಳ ಹಿಡಿಸಿದೆ. ಹಿಂದೆ ಹೋಸ್ಟಿಗೆ ಪ್ಯಾಚ್‌ಗಳನ್ನು ಒಂದರ ಮೇಲೊಂದು ಹಾಕುತ್ತ ಹೋಗುತ್ತಿದ್ದರು; ಕೊನೆಗೆ ಯಾವ ಹೋಸ್ಟಿನಲ್ಲಿ ಏನಿದೆಯೆಂದು ಹೇಳಲು ಆ ಹೋಸ್ಟನ್ನೇ ಕೇಳಬೇಕಿತ್ತು. ಈಗ ಕ್ಲಸ್ಟರಿಗೆ ಒಂದು ಇಮೇಜ್ ನಿಗದಿ ಮಾಡುತ್ತಾರೆ. ಮೂಲ ಇಎಸ್‌ಎಕ್ಸ್‌ಐ ಇಂಥದ್ದು, ಸರ್ವರ್ ತಯಾರಕರ ಹೆಚ್ಚುವರಿ ಭಾಗ ಇಂಥದ್ದು, ಫರ್ಮ್‌ವೇರ್ ಮತ್ತು ಡ್ರೈವರ್ ಇಂಥವು. ಎಲ್ಲ ಹೋಸ್ಟ್‌ಗಳೂ ಅದಕ್ಕೆ ಸಮನಾಗಿರಬೇಕು. ಯಾವುದು ಸಮನಾಗಿಲ್ಲವೋ ಅದನ್ನು ವ್ಯವಸ್ಥೆಯೇ ತೋರಿಸುತ್ತದೆ, ಒಪ್ಪಿದರೆ ಸರಿಮಾಡುತ್ತದೆ. ಪ್ಯಾಚ್ ಮೇಲೆ ಪ್ಯಾಚ್ ಹಾಕುವ ಹಳೆಯ ಬೇಸ್‌ಲೈನ್ ಪದ್ಧತಿ 9.0 ಹೋಸ್ಟ್‌ಗಳಿಗೆ ನಡೆಯುವುದಿಲ್ಲ. ಹಾಗಾಗಿ 9ಕ್ಕೆ ಹೋಗುವವರೆಲ್ಲ ಮೊದಲು ಈ ಇಮೇಜ್ ಪದ್ಧತಿಗೆ ಬರಲೇಬೇಕು, ಜೊತೆಗೆ ತಮ್ಮ ಪ್ರೊಸೆಸರ್ ಮತ್ತು ಡಿಸ್ಕ್ ನಿಯಂತ್ರಕಗಳು ಹೊಸ ಆವೃತ್ತಿಯ ಹೊಂದಾಣಿಕೆ ಪಟ್ಟಿಯಲ್ಲಿವೆಯೇ ಎಂದು ನೋಡಲೇಬೇಕು.

ಒಂದೇ ಆಡಳಿತಕ್ಕೆ ಬಂದ ಮೇಲೆ ತಂತ್ರಾಂಶಕ್ಕಿಂತ ಕಷ್ಟದ ಬದಲಾವಣೆ ಮನುಷ್ಯರದ್ದು. ಹಿತ್ತಲ ಬಾಗಿಲಿನಿಂದ ಹೋಗಿ ಕೆಲಸ ಮುಗಿಸುವ ಅಭ್ಯಾಸ ಬಿಡಬೇಕು. ಎಸ್‌ಡಿಡಿಸಿ ಮ್ಯಾನೇಜರ್ ತಾನೇ ಪಾಸ್‌ವರ್ಡ್ ಬದಲಿಸುತ್ತ ನೆನಪಿಟ್ಟುಕೊಂಡಿರುತ್ತದೆ. ಯಾರೋ ಒಬ್ಬರು ನೇರವಾಗಿ ಹೋಸ್ಟಿಗೆ ಹೋಗಿ ರೂಟ್ ಪಾಸ್‌ವರ್ಡ್ ಬದಲಿಸಿದರೆ ಅದರ ಸಂಪರ್ಕ ಕಡಿಯುತ್ತದೆ, ಮುಂದಿನ ಅಪ್‌ಗ್ರೇಡ್ ತಪಾಸಣೆಯಲ್ಲಿ ಕೆಂಪು ಗುರುತು ಬೀಳುತ್ತದೆ. ವಿಸೆಂಟರಿನಲ್ಲಿ ನೇರವಾಗಿ ಮಾಡಿದ ಬದಲಾವಣೆ ಮೇಲಿನ ದಾಖಲೆಗೆ ತಾನಾಗಿ ತಿಳಿಯದೆ, ಸಿಂಕ್ ಮಾಡಿ ತಿಳಿಸಬೇಕಾಗುತ್ತದೆ. ಇದನ್ನು ಪಾಲಿಸದ ಕಡೆ ಆರು ತಿಂಗಳಲ್ಲಿ ಎರಡು ಸತ್ಯಗಳು ಹುಟ್ಟುತ್ತವೆ, ಒಂದು ಯಜಮಾನನ ಪುಸ್ತಕದಲ್ಲಿ, ಇನ್ನೊಂದು ರ‍್ಯಾಕಿನಲ್ಲಿ. ಆಗ ಮತ್ತೆ 'ಮುಟ್ಟೋದು ಬೇಡ' ಶುರು.

ಒಂದೇ ಬೀಗದಡಿ ಎಲ್ಲವನ್ನೂ ತಂದರೆ ಕೀಲಿ ಕದ್ದವನಿಗೂ ಎಲ್ಲವೂ ಸಿಗುತ್ತದೆಯಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಬಯಲಿಗಿಟ್ಟ ಸಿವಿಇ-2024-37085 ಇದಕ್ಕೆ ಸಾಕ್ಷಿ. ಬಳಕೆದಾರರ ಖಾತೆಗಳನ್ನಿಡುವ ಮೈಕ್ರೋಸಾಫ್ಟಿನ ಆ್ಯಕ್ಟಿವ್ ಡೈರೆಕ್ಟರಿಗೆ ಸೇರಿಸಿದ ಇಎಸ್‌ಎಕ್ಸ್‌ಐ ಹೋಸ್ಟ್, 'ಇಎಸ್‌ಎಕ್ಸ್ ಅಡ್ಮಿನ್ಸ್' ಎಂಬ ಹೆಸರಿನ ಅಲ್ಲಿನ ಗುಂಪಿನ ಸದಸ್ಯರಿಗೆಲ್ಲ ಪೂರ್ಣ ಅಧಿಕಾರ ಕೊಡುತ್ತಿತ್ತು. ಡೈರೆಕ್ಟರಿಯಲ್ಲಿ ಗುಂಪು ಮಾಡುವ ಅಧಿಕಾರ ಗಿಟ್ಟಿಸಿದ ದಾಳಿಕೋರ ಆ ಹೆಸರಿನದೊಂದು ಗುಂಪು ಮಾಡಿ ತನ್ನನ್ನು ಸೇರಿಸಿಕೊಂಡರೆ ಸಾಕಿತ್ತು. ನಮ್ಮದೇ ದೇಶದಲ್ಲಿ, 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ ಆಸ್ಪತ್ರೆ ದಿನಗಟ್ಟಲೆ ಕಾಗದ ಪೆನ್ನು ಹಿಡಿದು ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದೇ ಇದ್ದದ್ದರಿಂದ ಹೀಗಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆದ್ದರಿಂದ ಆಡಳಿತದ ಜಾಲ ಬೇರೆ, ಬಳಕೆಯ ಜಾಲ ಬೇರೆ ಇರಲಿ. ಬ್ಯಾಕಪ್ ಈ ಆಡಳಿತದ ಕೈಗೆ ಸಿಗದ ಕಡೆ ಇರಲಿ. ಎಸ್‌ಡಿಡಿಸಿ ಮ್ಯಾನೇಜರಿನ ಬ್ಯಾಕಪ್ ಅದರದೇ ಡಿಸ್ಕಿನಲ್ಲಿ ಕೂತಿರದಿರಲಿ. ಇಷ್ಟಾದರೂ ನನ್ನ ತೀರ್ಮಾನ ಒಂದೇ ಆಡಳಿತದ ಪರ. ಚದುರಿದ ನಲವತ್ತು ಬಾಗಿಲುಗಳನ್ನು ಕಾಯಲಾಗದು, ಒಂದನ್ನು ಕಾಯಬಹುದು.

ಹಣದ ಮಾತು ಬಿಡುವಂತಿಲ್ಲ. 2023ರ ನವೆಂಬರ್ 22ರಂದು ಚಿಪ್ ಕಂಪನಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು ಮುಗಿಸಿತು. ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತ ಎಂಬ ಲೈಸೆನ್ಸ್ ಮಾರಾಟ ನಿಂತು, ವರ್ಷವರ್ಷದ ಚಂದಾ ಪದ್ಧತಿ ಬಂತು. ಅದೂ ಪ್ರೊಸೆಸರ್ ಕೋರ್ ಲೆಕ್ಕದಲ್ಲಿ, ಪ್ರತಿ ಪ್ರೊಸೆಸರಿಗೆ ಕನಿಷ್ಠ 16 ಕೋರ್ ಎಂದು ಹಿಡಿದು. ಬಿಡಿಬಿಡಿಯಾಗಿ ಮಾರುತ್ತಿದ್ದ ಸರಕುಗಳು ವಿಸಿಎಫ್‌ನಂಥ ಕೆಲವೇ ಗಂಟುಗಳಾದವು. ಎಷ್ಟೋ ಸಂಸ್ಥೆಗಳು ವಿಸಿಎಫ್‌ಗೆ ಬರುತ್ತಿರುವುದು ಅದು ಬೇಕಾಗಿತ್ತು ಎಂದಲ್ಲ, ಲೈಸೆನ್ಸ್ ಜೊತೆ ಅದು ಬಂದೇಬಿಟ್ಟಿತು ಎಂದು. ಅಮೆರಿಕದ ದೂರಸಂಪರ್ಕ ಕಂಪನಿ ಎಟಿ ಆ್ಯಂಡ್ ಟಿ 2024ರಲ್ಲಿ ಹಳೆಯ ಒಪ್ಪಂದದ ಸಪೋರ್ಟ್ ವಿಷಯಕ್ಕೆ ಕೋರ್ಟಿಗೆ ಹೋದಾಗ, ಸುಮಾರು 8,600 ಸರ್ವರ್‌ಗಳಲ್ಲಿ 75,000ದಷ್ಟು ವಿಎಂಗಳಿವೆ ಎಂದು ಹೇಳಿಕೊಂಡಿತ್ತು. ಆ ವರ್ಷವೇ ರಾಜಿಯಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಎದ್ದು ಹೊರನಡೆಯುವುದು ಸುಲಭವಾಗಿರಲಿಲ್ಲ. ಬೇರೆ ದಾರಿಗಳಿಲ್ಲವೆಂದಲ್ಲ. ಭೌತವಿಜ್ಞಾನದ ಸರ್ನ್ ಸಂಸ್ಥೆ 2013ರಿಂದ ಮುಕ್ತ ತಂತ್ರಾಂಶವಾದ ಓಪನ್‌ಸ್ಟ್ಯಾಕ್ ಮೇಲೆ ತನ್ನ ಪ್ರೈವೇಟ್ ಕ್ಲೌಡ್ ನಡೆಸುತ್ತಿದೆ. ನುಟಾನಿಕ್ಸ್, ಪ್ರಾಕ್ಸ್‌ಮಾಕ್ಸ್, ಹೈಪರ್-ವಿ ಇವೆ. ಯಾವುದಕ್ಕೇ ಹೋಗಿ, ಡಿಎನ್‌ಎಸ್, ಗಡಿಯಾರ, ಫರ್ಮ್‌ವೇರ್, ಹೆಸರಿಲ್ಲದ ವಿಎಂ ಇವು ನಿಮ್ಮ ಜೊತೆಯೇ ಬರುತ್ತವೆ.

ನಮ್ಮಲ್ಲಿ ಇದು ದೊಡ್ಡ ಕಂಪನಿಗಳ ವಿಷಯ ಎಂದು ಯಾರೂ ಅಂದುಕೊಳ್ಳಬಾರದು. ಬೆಂಗಳೂರಿನ ಇಂಜಿನಿಯರುಗಳು ಹಗಲಿನಲ್ಲಿ ಈ ತಂತ್ರಾಂಶದ ಭಾಗಗಳನ್ನು ಬರೆಯುತ್ತಾರೆ, ರಾತ್ರಿಯಲ್ಲಿ ಹೊರದೇಶದ ಬ್ಯಾಂಕುಗಳ ಸರ್ವರ್‌ಗಳನ್ನು ಅಪ್‌ಗ್ರೇಡ್ ಮಾಡುತ್ತಾರೆ. ಅದೇ ಹೊತ್ತಿಗೆ ಇಲ್ಲೇ ಜಿಲ್ಲಾ ಕೇಂದ್ರಗಳ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳಲ್ಲಿ ಎರಡು ಮೂರು ಹೋಸ್ಟ್‌ಗಳನ್ನು ಒಬ್ಬರೇ ನೋಡಿಕೊಳ್ಳುತ್ತಿರುತ್ತಾರೆ. ಪ್ರಿಂಟರ್ ರಿಪೇರಿಯೂ ಅವರದ್ದೇ. ಭಾರತ ಸರ್ಕಾರದ ಸೈಬರ್ ತುರ್ತು ತಂಡ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಇವರಿಗೂ ಅನ್ವಯಿಸುತ್ತದೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿರಬೇಕು. ಯಾವ ಸರ್ವರ್ ಎಲ್ಲಿದೆ ಎಂದೇ ಬರೆದಿಡದವರು 6 ಗಂಟೆಯಲ್ಲಿ ಏನು ವರದಿ ಮಾಡಿಯಾರು? ಇಂಥ ಕಡೆಗೆ ವಿಸಿಎಫ್ ದುಬಾರಿ ಮತ್ತು ಅನಗತ್ಯ. ಆದರೆ ಅದರ ಹಿಂದಿನ ಶಿಸ್ತಿಗೆ ಲೈಸೆನ್ಸ್ ಬೇಕಿಲ್ಲ.

ಸಂಸ್ಥೆ ನಡೆಸುವವರಲ್ಲಿ ಒಂದು ವಿನಂತಿ. ನಿಮ್ಮ ಸರ್ವರ್ ನೋಡಿಕೊಳ್ಳುವವರನ್ನು ಈ ವಾರ ಕರೆದು ಕೂರಿಸಿಕೊಳ್ಳಿ. ಎಷ್ಟು ಹೋಸ್ಟ್‌ಗಳಿವೆ, ಪ್ರತಿಯೊಂದರ ಆವೃತ್ತಿ ಯಾವುದು, ಅದು ಯಾವುದರಿಂದ ಬೂಟ್ ಆಗುತ್ತದೆ, ಪ್ರತಿ ವಿಎಂಗೆ ಹೊಣೆ ಯಾರು, ಬ್ಯಾಕಪ್‌ನಿಂದ ಕೊನೆಯ ಸಲ ನಿಜವಾಗಿ ಮರಳಿ ಪಡೆದು ನೋಡಿದ್ದು ಯಾವಾಗ ಎಂದು ಕೇಳಿ, ಬರೆಸಿ. ಉತ್ತರ ಇಲ್ಲದಿದ್ದರೆ ಅವರನ್ನು ಬೈಯಬೇಡಿ. ಹುಡುಕಲು ಸಮಯ ಕೊಡಿ, ಯೋಜಿತವಾಗಿ ಸೇವೆ ನಿಲ್ಲಿಸಲು ಒಂದು ಭಾನುವಾರ ಕೊಡಿ, ಹೆಚ್ಚುವರಿ ಹೋಸ್ಟ್ ಒಂದನ್ನು ಮುಂದಿನ ಬಜೆಟ್ಟಿಗೆ ಸೇರಿಸಿ. ಮುಂದೂಡುತ್ತ ಕೂರುವಂತಿಲ್ಲ: ವಿಸ್ಫಿಯರ್ 7ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. 8ರದ್ದು 2027ರ ಅಕ್ಟೋಬರ್ 11ಕ್ಕೆ ಮುಗಿಯುತ್ತದೆ.